ಪ್ರತಿಕ್ರಿಯೆ: ಯಾಶಿಕಾಗೆ ಯಾವ ಸೆಲ್ ಹಾಕೋದು?

ಅಪ್ಪನ ಹಳೆ ಫಿಲ್ಮ್ ಕ್ಯಾಮೆರಾ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್‌ಗೆ ಹಳೆ ಸೆಲ್ ಸಿಗುತ್ತಿಲ್ಲ, ಸೆಲ್ ಇಲ್ಲದೆಯೂ ಕ್ಲಿಕ್ ಆಗುತ್ತದೆ, ಹಾಗೇ ಫೋಟೋ ತೆಗೆಯಬಹುದಾ ಎಂದು ಕೇಳಿದ್ದೀರಿ.

ಬೇಡ. ಸೆಲ್ ಇಲ್ಲದಿದ್ದರೆ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಬಾಗಿಲು) ಯಾವಾಗಲೂ ಸುಮಾರು 1/500 ಸೆಕೆಂಡಿನಲ್ಲೇ ಓಡುತ್ತದೆ. ಉರಿಬಿಸಿಲಲ್ಲಿ ಹೇಗೋ ನಡೆದೀತು, ಮನೆಯೊಳಗೆ ಎಲ್ಲಾ ಕಪ್ಪು.

ಅದಕ್ಕೆ ಬೇಕಿದ್ದದ್ದು 5.6 ವೋಲ್ಟಿನ ಪಾದರಸದ ಸೆಲ್. ಅದರ ತಯಾರಿಕೆ ನಿಂತುಹೋಗಿದೆ. 6 ವೋಲ್ಟಿನ 4ಎಲ್‌ಆರ್44 ತಗೊಳ್ಳಿ, ಏನೂ ತೊಂದರೆಯಿಲ್ಲ. ಗಾತ್ರ ಮಾತ್ರ ಚಿಕ್ಕದು. ಸುತ್ತಲೂ ದಪ್ಪ ಕಾಗದ ಸುತ್ತಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಇಟ್ಟರೆ ಸಾಕು. ನಾನು ಹಾಳಾದ ಟಾರ್ಚಿನ ಸ್ಪ್ರಿಂಗ್ ಹಾಕಿದ್ದೇನೆ!

ಆಮೇಲೆ ಬಟನ್ ಅರ್ಧ ಒತ್ತಿ ನೋಡಿ. ಕೆಂಪು ದೀಪ ಬಂದರೆ ಬೆಳಕು ಜಾಸ್ತಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ. ಹಳದಿ ಬಂದರೆ ಶಟರ್ ನಿಧಾನ, ಕೈ ನಡುಗಬಾರದು.

ಫಿಲ್ಮ್ ದುಬಾರಿ ಅಲ್ವಾ, ರೋಲ್ ಹಾಕುವ ಮುಂಚೆ ಹಿಂಬಾಗಿಲ ಅಂಚಿನ ಸ್ಪಂಜು ಮುಟ್ಟಿ ನೋಡಿ. ಡಾಂಬರಿನ ಹಾಗೆ ಅಂಟಿದರೆ ಮೊದಲು ಅದನ್ನು ಬದಲಾಯಿಸಿ. ಇಲ್ಲದಿದ್ದರೆ ಬೆಳಕು ಸೋರುತ್ತದೆ. ಲೆನ್ಸಿನ ಬಗ್ಗೆ ಚಿಂತೆ ಬೇಡ, ಆ 45 ಎಂಎಂ ಎಫ್/1.7 ಈಗಲೂ ಸೊಗಸು.