ಎತ್ತುಗಳು ಮಿಂಚಿನಂತೆ ಓಡಿದವೇ?

ಪ್ರಶ್ನೆ: ಜಾತ್ರೆಯ ಎತ್ತಿನ ಗಾಡಿ ಓಟದ ಬಗ್ಗೆ ಪ್ರಬಂಧ ಬರೆದಿದ್ದೆ. ‘ಎತ್ತುಗಳು ಮಿಂಚಿನಂತೆ, ಬಾಣದಂತೆ, ಗಾಳಿಯಂತೆ ಓಡಿದವು’ ಅಂತ ಬರೆದಿದ್ದಕ್ಕೆ ಟೀಚರ್ ‘ಇವೆಲ್ಲ ಹಳೇ ಹೋಲಿಕೆ, ನಿನ್ನದೇ ಬರಿ’ ಅಂದರು. ಹೊಸ ಹೋಲಿಕೆ ಹುಡುಕೋದು ಹೇಗೆ? ರೂಪಕ ಬಳಸಬಹುದಾ?
– 10ನೇ ತರಗತಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಹಳೆಯದಾಗಿದ್ದರೂ ಚಿಂತೆಯಿಲ್ಲ. ಆದರೆ ಆ ಮೂರೂ ಒಂದೇ ಥರದ ವೇಗ ಅಲ್ಲ. ಮಿಂಚು ಕಂಡಷ್ಟರಲ್ಲೇ ಮಾಯ. ಬಾಣ ನೆಟ್ಟಗೆ ಹೋಗುತ್ತದೆ. ಗಾಳಿ ಬೇಕಾದ ಕಡೆ ತಿರುಗುತ್ತದೆ. ಒಂದೇ ಜೋಡಿ ಎತ್ತು ಮೂರನ್ನೂ ಮಾಡೀತಾ? ನೀನು ಕಂಡ ಓಟ ಯಾವ ಥರದ್ದು ಅಂತ ಮೊದಲು ನೆನಪು ಮಾಡಿಕೋ.

ಓಟ ಶುರುವಾಗುವ ಮುಂಚೆ ಎತ್ತುಗಳು ನಿಂತಲ್ಲಿ ನಿಲ್ಲುವುದಿಲ್ಲ. ಕಾಲು ಕೆದರುತ್ತವೆ, ನೊಗ ಅಲ್ಲಾಡಿಸುತ್ತವೆ. ಮೂಗುದಾರ ಹಿಡಿದವರು ಹಿಂದಕ್ಕೆ ಜಗ್ಗುತ್ತಿರುತ್ತಾರೆ. ಬಿಟ್ಟರೆ ಒಂದೇ ನೆಗೆತ. ಇಂಥದ್ದನ್ನು ನೀನು ಜೋಳದ ಹೊಲದಲ್ಲಿ ನೋಡಿರುತ್ತೀ. ಹಕ್ಕಿ ಕಾಯುವವರು ಕವಣೆಯನ್ನು ತಲೆ ಮೇಲೆ ಗರಗರ ತಿರುಗಿಸಿ ಒಂದು ತುದಿ ಬಿಟ್ಟರೆ ಸಾಕು, ಕಲ್ಲು ಸುಂಯ್ ಅಂತ ಹೋಗುತ್ತದೆ. ‘ಕವಣೆಯಿಂದ ಬಿಟ್ಟ ಕಲ್ಲಿನಂತೆ ಎತ್ತುಗಳು ನುಗ್ಗಿದವು’ ಅಂದು ನೋಡು. ವೇಗದ ಜೊತೆ, ಅಲ್ಲಿವರೆಗೆ ತಡೆದಿಟ್ಟ ಬಲವೂ ಕಾಣುತ್ತದೆ, ಅಲ್ವಾ?

ನಿಮ್ಮ ಪಕ್ಕದ ಮುಧೋಳ ನಾಯಿಯ ಓಟ ಬೇರೆ. ಅದರ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಮರುಗಳಿಗೆ ಉದ್ದಕ್ಕೆ ಚಾಚುತ್ತದೆ, ನಾಲ್ಕೂ ಕಾಲು ನೆಲ ಬಿಡುತ್ತವೆ. ಸಪೂರ ಮೈಯ ಓಟಗಾರ್ತಿಗೆ ಆ ಹೋಲಿಕೆ ಚೆಂದ. ಗಾಡಿ ಎಳೆಯುವ ಎತ್ತಿಗೆ ಒಪ್ಪಲ್ಲ. ಗೋಕಾಕ ಜಲಪಾತವೂ ಬೇಡ. ಅಲ್ಲಿ ನೀರು ಸುಮಾರು 52 ಮೀಟರ್ ಬೀಳುತ್ತದೆ, ನಿಜ. ಆದರೆ ದೂರದಿಂದ ನೋಡಿದರೆ ನಿಧಾನಕ್ಕೆ ಇಳಿದಂತೆಯೇ ಕಾಣುತ್ತದೆ. ಅದರಲ್ಲಿ ಭಾರ, ಸದ್ದು ಜಾಸ್ತಿ.

ರೂಪಕ ಖಂಡಿತ ಬಳಸು. ‘ಅಂತೆ’, ‘ಹಾಗೆ’ ತೆಗೆದು ಎರಡನ್ನೂ ಒಂದೇ ಮಾಡಿದರೆ ಆಯಿತು: ‘ಆ ಎರಡು ಎತ್ತು ಎರಡು ಕವಣೆಗಲ್ಲು.’ ಕ್ರಿಯಾಪದವೇ ಆ ಕೆಲಸ ಮಾಡಿದರೆ ನನಗೆ ಇನ್ನೂ ಇಷ್ಟ. ‘ಗಾಡಿ ದಾರಿಯನ್ನು ನುಂಗುತ್ತಾ ಬಂತು’ ಅನ್ನಬಹುದು. ‘ಎದುರಿಗಿದ್ದವರು ಕಾಲಿಗೆ ಬುದ್ಧಿ ಹೇಳಿದರು’ ಅನ್ನುತ್ತೀವಲ್ಲ, ಅಲ್ಲಿ ಕಾಲು ಮಾತು ಕೇಳುವ ಮನುಷ್ಯನೇ ಆಗಿಬಿಟ್ಟಿದೆ.

ಒಂದು ಓಟಕ್ಕೆ ಒಂದು ಹೋಲಿಕೆ ಸಾಕು. ಮುಗಿಯುವ ಹೊತ್ತಿಗೆ ಅದೂ ಬೇಡ, ಕಂಡದ್ದನ್ನೇ ಬರಿ: ‘ಧೂಳು ನಮ್ಮ ಮುಖಕ್ಕೆ ಬಡಿಯುವಷ್ಟರಲ್ಲಿ ಗಾಡಿ ಗೆರೆ ದಾಟಿತ್ತು.’