ಮಿಷನರಿ ಟ್ರೈನಿಂಗ್‌ನಲ್ಲಿ ಏನು ಕಲಿಸ್ತಾರೆ? ಬೈಬಲ್ ಚೆನ್ನಾಗಿ ಗೊತ್ತಿದ್ರೆ ಸಾಕಾಗಲ್ವಾ?

ತಂಗಿ ಡಿಗ್ರಿ ಮುಗಿಸಿ ಜಾರ್ಖಂಡ್ ಕಡೆ ಸೇವೆಗೆ ಹೋಗ್ತೀನಿ ಅಂತಿದಾಳೆ, ಅದಕ್ಕೆ ಮುಂಚೆ ಒಂದು ವರ್ಷ ಟ್ರೈನಿಂಗ್ ಅಂತೆ, ಚಿಕ್ಕಂದಿನಿಂದ ಸಂಡೇ ಸ್ಕೂಲಲ್ಲಿ ಬೆಳೆದವಳಿಗೆ ಇನ್ನೂ ಏನು ಟ್ರೈನಿಂಗು, ಸೆಂಟರ್ ಒಳ್ಳೇದೋ ಅಲ್ವೋ ಅಂತ ಹೇಗೆ ಗೊತ್ತಾಗತ್ತೆ, ಫೀಸ್ ಎಷ್ಟಾಗತ್ತೆ ಅಂತ ಕೇಳಿದೀರ. ನಾನು ಅದೇ ಜಾರ್ಖಂಡ್‌ನ ಗುಮ್ಲಾ ಕಡೆ ಉರಾಂವ್ ಅನ್ನೋ ಆದಿವಾಸಿ ಜನರ ಹಳ್ಳಿಗಳಲ್ಲಿ ಇದ್ದು ಬಂದವನು, ಈಗ ಬೆಂಗಳೂರಲ್ಲಿ ಫೀಲ್ಡಿಗೆ ಹೊರಡೋ ಹುಡುಗ ಹುಡುಗೀರಿಗೆ ಪಾಠ ಮಾಡ್ತೀನಿ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ, ತಂಗಿಗೂ ಓದಿಸಿ.

ಬೈಬಲ್ ಬೇಕೇ ಬೇಕು, ಪ್ರಾರ್ಥನೆ ಇಲ್ದೆ ಇದ್ರೆ ಆರು ತಿಂಗಳೂ ನಿಲ್ಲೋಕಾಗಲ್ಲ. ಆದ್ರೆ ಅದನ್ನ ಅವಳ ಸಭೆ (ಚರ್ಚ್) ಆಗ್ಲೇ ಕೊಟ್ಟಿದೆ. ಟ್ರೈನಿಂಗ್ ಮಾಡ್ಬೇಕಾಗಿರೋ ಕೆಲಸ ಬೇರೆ. ತನ್ನೂರಲ್ಲಿ ಟೀಚರ್ ಅನ್ನಿಸ್ಕೊಂಡು, ಕ್ವಯರಲ್ಲಿ ಹಾಡಿ, ಯೂತ್ ಮೀಟಿಂಗ್ ನಡೆಸಿ ಅಭ್ಯಾಸ ಆಗಿರೋ ಹುಡುಗಿ ಇನ್ನೊಬ್ಬರ ಊರಿಗೆ ಹೋಗಿ ಅಲ್ಲಿನ ಅಜ್ಜಿ ಕೈಲಿ, ಅಲ್ಲಿನ ಮಕ್ಕಳ ಕೈಲಿ ಹೇಳಿಸ್ಕೊಂಡು ಕಲೀಬೇಕು, ಅದೂ ಬೇಜಾರಿಲ್ದೆ, ವರ್ಷಗಟ್ಟಲೆ. ಇದು ಯಾರಿಗೂ ತಾನಾಗೇ ಬರಲ್ಲ. ನಾನು ನೋಡಿದ ಹಾಗೆ ಪ್ರಸಂಗ (ಚರ್ಚಲ್ಲಿ ಉಪದೇಶ) ಚೆನ್ನಾಗಿ ಮಾಡೋರಿಗೇ ಇದು ಜಾಸ್ತಿ ಕಷ್ಟ, ಯಾಕಂದ್ರೆ ಅವರಿಗೆ ಸುಮ್ನೆ ಕೂತು ಕೇಳೋದು ಅಭ್ಯಾಸಾನೇ ಇರಲ್ಲ.

ನಿಮ್ಮ ಪ್ರಶ್ನೆ ಹೊಸದೇನಲ್ಲ, ಸುಮಾರು ಇನ್ನೂರು ವರ್ಷದ ಹಿಂದೆ ಜರ್ಮನಿಯಲ್ಲೂ ಇದೇ ಜಗಳ ನಡೆದಿದೆ. ಬರ್ಲಿನ್‌ನಲ್ಲಿ ಗೋಸ್ನರ್ ಅಂತ ಒಬ್ಬ ಪಾಸ್ಟರ್ ಇದ್ರು, ಮಿಷನರಿಗಳಿಗೆ ಇಷ್ಟೊಂದು ಕಾಲೇಜು ಓದು ಯಾಕೆ ಅಂತ ಅಲ್ಲಿನ ಮಿಷನ್ ಕಮಿಟಿ ಬಿಟ್ಟು 1836ರಲ್ಲಿ ತಾವೇ ಬೇರೆ ಶುರು ಮಾಡಿ ಹೆಚ್ಚಾಗಿ ಕೈಕಸುಬಿನವರನ್ನ ಕಳಿಸೋಕೆ ಹೊರಟ್ರು. ಅವರು ಕಳಿಸಿದ ನಾಲ್ಕು ಜನ ರಾಂಚಿಗೆ ಬಂದಿದ್ದು 1845ರಲ್ಲಿ, ಮೊದಲ ನಾಲ್ಕು ಜನ ಉರಾಂವ್‌ಗಳಿಗೆ ದೀಕ್ಷಾಸ್ನಾನ ಆಗಿದ್ದು 1850ರಲ್ಲಿ. ಮಧ್ಯದ ಆ ವರ್ಷಗಳೇ ಅವರ ನಿಜವಾದ ಟ್ರೈನಿಂಗ್ ಅಂತ ನನಗನ್ಸತ್ತೆ. ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿಂದ ನಮ್ಮ ಕರ್ನಾಟಕಕ್ಕೆ ಬಂದ ಬಾಸೆಲ್ ಮಿಷನ್, 1815ರಲ್ಲಿ ಶುರುವಾಗಿ ಮರುವರ್ಷವೇ ಟ್ರೈನಿಂಗ್ ಸ್ಕೂಲ್ ತೆಗೆದ್ರು. ಜರ್ಮನಿಯ ವುರ್ಟೆಂಬರ್ಗ್ ಕಡೆಯ ರೈತರ ಮನೆ, ಕಸುಬುದಾರರ ಮನೆ ಹುಡುಗರನ್ನ ವರ್ಷಗಟ್ಟಲೆ ಇಟ್ಕೊಂಡು ಗ್ರೀಕ್, ಹೀಬ್ರೂ ಎಲ್ಲ ಓದಿಸಿ, ಜೊತೆಗೆ ಕೈಕೆಲಸ ಮಾಡಿಸಿ ಕಳಿಸ್ತಿದ್ರು. ಶಿಸ್ತು ಎಷ್ಟು ಅಂದ್ರೆ ಮದುವೆ ಆಗೋಕೂ ಕಮಿಟಿ ಒಪ್ಪಿಗೆ ಬೇಕಿತ್ತು.

ಹಾಗಾದ್ರೆ ಯಾರದ್ದು ಸರಿ? ನಮ್ಮ ಕಣ್ಮುಂದೆ ಇರೋ ಉದಾಹರಣೆ ನೋಡಿ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1836ರಲ್ಲಿ ಬಂದ್ರು, ಟ್ಯೂಬಿಂಗನ್ ಯೂನಿವರ್ಸಿಟಿಲಿ ಓದಿದವರು. ಆದ್ರೆ ಅವರನ್ನ ನಾವು ಇವತ್ತಿಗೂ ನೆನೆಸ್ಕೊಳ್ಳೋದು ಆ ಓದಿಗಲ್ಲ. 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದ್ರು, ಗಾದೆ ಕೂಡಿಸಿದ್ರು, ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ ಹುಡುಕಿಸಿ ಅಚ್ಚು ಹಾಕಿಸಿದ್ರು, ಅದಕ್ಕೆ. ಒಬ್ಬ ಪಾದ್ರಿ ದಾಸರ ಪದ ಯಾಕೆ ಪ್ರಿಂಟ್ ಮಾಡಿಸ್ಬೇಕು ಅಂತ ನಮ್ಮ ಕ್ಲಾಸಲ್ಲಿ ಪ್ರತಿ ಬ್ಯಾಚಲ್ಲೂ ಯಾರಾದ್ರೂ ಕೇಳ್ತಾರೆ. ಈ ಜನ ಯಾವುದಕ್ಕೆ ಅಳ್ತಾರೆ, ದೇವರ ಹತ್ರ ಏನು ಬೇಡ್ಕೋತಾರೆ ಅನ್ನೋದು ಅದರಲ್ಲೇ ಇದೆ, ಅದು ಗೊತ್ತಿಲ್ದೆ ನೀನು ಅವರಿಗೆ ಏನು ಹೇಳ್ತೀಯಪ್ಪ ಅಂತ ನಾನು ತಿರುಗಿ ಕೇಳ್ತೀನಿ. ಅದೇ ಮಿಷನ್ನಿನ ಕಿಟ್ಟೆಲ್ ಅಂತೂ 1853ರಲ್ಲಿ ಬಂದವರು ಕನ್ನಡದ ಛಂದಸ್ಸಿನಲ್ಲೇ ಯೇಸುವಿನ ಚರಿತ್ರೆ ಬರೆದು 1862ರಲ್ಲಿ ತಂದ್ರು, ಊರಿನ ಪಂಡಿತರ ಸಹಾಯ ತಗೊಂಡು ಹಳೇ ವ್ಯಾಕರಣ ಓದಿದ್ರು, ಕೊನೆಗೆ 1894ರಲ್ಲಿ ಸುಮಾರು 70,000 ಪದದ ನಿಘಂಟು ಬಂತು. ತಮ್ಮ ಜೊತೆಯ ಮಿಷನರಿಗಳ ನಡುವೆ ಅವರು ಒಂಟಿಯಾಗೇ ಇದ್ರು ಅನ್ನೋದನ್ನೂ ಸ್ಟೂಡೆಂಟ್ಸಿಗೆ ಹೇಳ್ತೀನಿ. ಜನರ ಹತ್ರ ಹೋದಷ್ಟೂ ಕಳಿಸಿದವರಿಗೆ ಅರ್ಥ ಆಗದೇ ಹೋಗ್ಬಹುದು, ಅದಕ್ಕೂ ತಯಾರಿ ಬೇಕು. ಅಂದ್ರೆ ಬಾಸೆಲ್‌ನ ಸ್ಕೂಲು ಅವರಿಗೆ ಕೂತು ಓದೋ ತಾಳ್ಮೆ ಕೊಡ್ತು, ಮಿಕ್ಕಿದ್ದನ್ನ ಮಂಗಳೂರು ಧಾರವಾಡದ ಜನ ಕಲಿಸಿದ್ರು. ಎರಡೂ ಬೇಕು, ಎರಡನೇದು ಜಾಸ್ತಿ ಬೇಕು.

ಈಗ ಭಾಷೆ ವಿಷಯ, ಇದಕ್ಕೆ ನಾನು ಜಾಸ್ತಿ ಜಾಗ ಕೊಡ್ತೀನಿ. ನಿಮ್ಮ ತಂಗಿ ಹಿಂದಿ ಬರತ್ತಲ್ಲ ಸಾಕು ಅಂತ ಅಂದ್ಕೊಂಡಿರ್ಬಹುದು. ಸಂತೆಯಲ್ಲಿ, ಬಸ್ಸಲ್ಲಿ, ಬ್ಲಾಕ್ ಆಫೀಸಲ್ಲಿ ಹಿಂದಿ ನಡೆಯತ್ತೆ, ಹಳ್ಳಿ ನಡುವೆ ಸಾದ್ರಿ ಅನ್ನೋ ಆ ಕಡೆಯ ಭಾಷೆ ನಡೆಯತ್ತೆ, ಆದ್ರೆ ಎಷ್ಟೋ ಮನೆಗಳಲ್ಲಿ ಒಲೆ ಮುಂದೆ ಕೂತ ಅಜ್ಜಿ ಮಾತಾಡೋದು ಉರಾಂವ್ ಜನರ ಭಾಷೆ ಕುಡುಖ್. ಅದು ನಮ್ಮ ಕನ್ನಡದ ಹಾಗೇ ದ್ರಾವಿಡ ಭಾಷೆ (ಕೇಳಿಸ್ಕೊಂಡಾಗ ಅಷ್ಟು ದೂರದಲ್ಲಿ ನಮ್ಮ ಬಳಗ ಸಿಕ್ಕ ಹಾಗೆ ಖುಷಿ ಆಗತ್ತೆ, ಆದ್ರೆ ಅದರಿಂದ ಸುಲಭ ಏನೂ ಆಗಲ್ಲ). ಹಿಂದಿಯಲ್ಲೇ ನಿಂತವರು ಗಂಡಸರ ಜೊತೆ, ಓದಿದವರ ಜೊತೆ ಮಾತಾಡಿ ವಾಪಸ್ ಬರ್ತಾರೆ, ಮನೆ ಒಳಗೆ ಏನು ನಡೀತಿದೆ ಅನ್ನೋದು ಅವರಿಗೆ ಕೊನೆವರೆಗೂ ಗೊತ್ತಾಗಲ್ಲ. ಅದಕ್ಕೇ ನಾವು ಟ್ರೈನಿಂಗಲ್ಲೇ ಸ್ಟೂಡೆಂಟ್ಸನ್ನ ಅವರಿಗೆ ಸ್ವಲ್ಪಾನೂ ಬರದ ಭಾಷೆಯವರ ಮಧ್ಯೆ ಬಿಡ್ತೀವಿ, ಬೆಂಗಳೂರಲ್ಲಿ ಅದಕ್ಕೇನು ಕೊರತೆ ಇಲ್ಲ, ಕಟ್ಟಡ ಕೆಲಸದವರ ಶೆಡ್‌ಗಳಲ್ಲಿ ಒಡಿಯಾ, ಬಂಗಾಳಿ, ಸಂತಾಲಿ ಎಲ್ಲ ಸಿಗತ್ತೆ. ಬೆಳಿಗ್ಗೆ ಒಬ್ಬರ ಹತ್ರ ಮೂರು ನಾಲ್ಕು ವಾಕ್ಯ ಮಾತ್ರ ಕಲೀಬೇಕು, ನನ್ನ ಹೆಸರು ಇಂಥದ್ದು, ನಿಮ್ಮ ಭಾಷೆ ಕಲೀತಿದೀನಿ, ಇಷ್ಟೇ ಬರೋದು, ನಾಳೆ ಮತ್ತೆ ಬರ್ತೀನಿ ಅಂತ. ಅದನ್ನ ಬಾಯಿಗೆ ಕೂರೋವರೆಗೂ ಹೇಳಿ, ಆಮೇಲೆ ಹೊರಗೆ ಹೋಗಿ ಸಿಕ್ಕವರಿಗೆಲ್ಲ ಅದನ್ನೇ ಹೇಳ್ಬೇಕು. ಸಂಜೆ ಬಂದು ಎಲ್ಲಿ ತಡವರಿಸಿದೆ, ಯಾವ ಶಬ್ದ ಬಾಯಲ್ಲಿ ಬರ್ಲಿಲ್ಲ, ಯಾರು ನಕ್ರು, ಯಾರು ತಿದ್ದಿದ್ರು ಅಂತ ಬರೀಬೇಕು. ಕೇಳೋಕೆ ಮಕ್ಕಳಾಟ ಅನ್ಸತ್ತೆ, ಆದ್ರೆ ಎರಡನೇ ವಾರಕ್ಕೆ ಅರ್ಧ ಕ್ಲಾಸ್ ಅಳು ಮುಖ ಮಾಡ್ಕೊಂಡು ಬರತ್ತೆ. ಆಗ್ಲೇ ನಮಗೆ ಗೊತ್ತಾಗೋದು ಯಾರು ನಿಲ್ತಾರೆ ಅಂತ. ಕೆಲವರಿಗೆ ಜನ ನಕ್ರೆ ಸಿಟ್ಟು ಬರತ್ತೆ, ಅಂಥವರಿಗೆ ಇನ್ನೂ ಟೈಮ್ ಕೊಡ್ತೀವಿ, ಕೆಲವರಿಗೆ ಇದು ನಿನ್ನ ಕರೆ ಅಲ್ವೇನೋ ಮತ್ತೆ ಪ್ರಾರ್ಥನೆ ಮಾಡು ಅಂತ ಪ್ರೀತಿಯಿಂದ ಹೇಳಿ ಮನೆಗೆ ಕಳಿಸಿದ್ದೂ ಇದೆ.

ನಾವೂ ಭಾರತೀಯರೇ, ವಿದೇಶದಿಂದ ಬಂದ ಬಿಳಿಯರ ಹಾಗಲ್ಲ ಅಂತ ಒಂದು ಮಾತು ನಮ್ಮ ಸಭೆಗಳಲ್ಲಿ ಬರತ್ತೆ. ಇದನ್ನ ಟ್ರೈನಿಂಗಲ್ಲಿ ಮೊದಲು ಬಿಡಿಸ್ಬೇಕು. ಅಜರಯ್ಯ ಅಂತ ತಮಿಳಿನವರು, ತೆಲುಗು ನಾಡಿನ ದೋರ್ನಕಲ್‌ಗೆ ಹೋಗಿ ತೆಲುಗು ಕಲಿತು ಅಲ್ಲೇ ಸೇವೆ ಮಾಡಿ 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದ್ರು. 1910ರಲ್ಲಿ ಎಡಿನ್‌ಬರೋದ ಮಿಷನ್ ಸಮ್ಮೇಳನದಲ್ಲಿ ಅವರು ಎದ್ದು ನಿಂತು ನೀವು ನಿಮ್ಮ ಆಸ್ತಿ ಕೊಟ್ರಿ, ನಿಮ್ಮ ದೇಹವನ್ನೇ ಕೊಟ್ರಿ, ಆದ್ರೆ ನಮಗೆ ಸ್ನೇಹಿತರನ್ನ ಕೊಡಿ ಅನ್ನೋ ಅರ್ಥದಲ್ಲಿ ಕೇಳಿದ್ರು. ಬಿಳಿಯರಿಗೆ ಹೇಳಿದ ಆ ಮಾತು ಇವತ್ತು ನಮಗೇ ಬಂದು ತಾಗತ್ತೆ. ಬೆಂಗಳೂರಿಂದ ಹೋದ ಹುಡುಗ ಸ್ಮಾರ್ಟ್‌ಫೋನ್ ಹಿಡ್ಕೊಂಡು, ಇಲ್ಲಿನವರು ಹಿಂದುಳಿದವರು ಅಂತ ಮನಸ್ಸಲ್ಲಿಟ್ಕೊಂಡು ಹೋದ್ರೆ ಆ ಜನಕ್ಕೆ ಒಂದೇ ದಿನಕ್ಕೆ ಗೊತ್ತಾಗತ್ತೆ. ಅವನಿಗೆ ಮಾತ್ರ ಗೊತ್ತಾಗಲ್ಲ.

ನಾವು ಕ್ಲಾಸಲ್ಲಿ ಚರ್ಚೆಗೆ ಇಡೋ ಒಂದು ಸಂದರ್ಭ ಹೇಳ್ತೀನಿ. ಉರಾಂವ್ ಮನೆಗೆ ಹೋದ್ರೆ ಜೋಹಾರ್ ಅಂತ ನಮಸ್ಕಾರ ಹೇಳಿ ಕೈಕಾಲು ತೊಳೆಯೋಕೆ ಚೆಂಬಲ್ಲಿ ನೀರು ಕೊಡ್ತಾರೆ, ಆಮೇಲೆ ಎಲೆ ದೊನ್ನೆಯಲ್ಲಿ ಹಡಿಯಾ ಕೊಡ್ಬಹುದು, ಅದು ಅನ್ನ ಹುಳಿ ಬರಿಸಿ ಮನೆಯಲ್ಲೇ ಮಾಡೋ ಪಾನೀಯ, ಕುಡಿದ್ರೆ ಅಮಲೇರತ್ತೆ. ನಮ್ಮ ಹುಡುಗೀರು ಚಿಕ್ಕಂದಿನಿಂದ ಕುಡಿತ ಪಾಪ ಅಂತ ಕೇಳಿ ಬೆಳೆದವರು. ಬೇಡ ಅಂದ್ರೆ ಅಜ್ಜಿಗೆ ಅವಮಾನ, ಕುಡಿದ್ರೆ ಮನಸ್ಸಾಕ್ಷಿ ಚುಚ್ಚತ್ತೆ, ಮೇಲಾಗಿ ಹಡಿಯಾ ಬಿಟ್ಟು ಸಂಸಾರ ಉಳಿಸ್ಕೊಂಡ ಅಲ್ಲಿನ ಕ್ರೈಸ್ತರೇ ಏನಂದ್ಕೋತಾರೆ? ನಾನು ಇದಕ್ಕೆ ರೆಡಿಮೇಡ್ ಉತ್ತರ ಕೊಡಲ್ಲ. ಅಲ್ಲಿನ ಉರಾಂವ್ ಸಭೆಯ ಹಿರಿಯರ ಹತ್ರ, ಅಕ್ಕಂದಿರ ಹತ್ರ ಹೋಗಿ ಕೂತು ನೀವು ಹೇಗೆ ಮಾಡ್ತೀರ ಅಂತ ಕೇಳು ಅಂತೀನಿ. ಕುಡಿಯಲ್ಲ ಅನ್ನೋದನ್ನೂ ಅಜ್ಜಿ ಮನಸ್ಸು ನೋಯಿಸದೆ ಹೇಳೋ ರೀತಿ ಅವರಿಗೆ ಗೊತ್ತು. ಸರ್ಹುಲ್ ಅನ್ನೋ ಅವರ ವಸಂತದ ಹಬ್ಬದಲ್ಲಿ ಪಾಹನ್ (ಹಳ್ಳಿಯ ಪೂಜಾರಿ) ಸಾಲ್ ಮರದ ಹೂವು ಕೊಟ್ಟಾಗ ಏನು ಮಾಡ್ಬೇಕು ಅನ್ನೋದೂ ಹೀಗೇ.

ಇನ್ನೊಂದು ವಿಷಯ ನಮ್ಮ ಸಿಟಿ ಸಭೆಯ ಮಕ್ಕಳಿಗೆ ಗೊತ್ತೇ ಇರಲ್ಲ. ಪಾಲ್ ಹೀಬರ್ಟ್ ಅಂತ ಒಬ್ಬರು, ಹೈದರಾಬಾದ್ ಹತ್ರದ ಶಂಶಾಬಾದಿನಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು, ಮಾನವಶಾಸ್ತ್ರ ಓದಿ 1982ರಲ್ಲಿ ಒಂದು ಲೇಖನದಲ್ಲಿ ಬರೆದ್ರು. ಮಿಷನರಿಗೆ ಸ್ವರ್ಗ, ಪಾಪ, ರಕ್ಷಣೆ ಬಗ್ಗೆ ಹೇಳೋಕೆ ಬರತ್ತೆ, ಜ್ವರಕ್ಕೆ ಮಾತ್ರೆ ಕೊಡೋಕೂ ಬರತ್ತೆ, ಆದ್ರೆ ಅದೆರಡರ ಮಧ್ಯೆ ಇರೋ ಪ್ರಶ್ನೆಗಳಿಗೆ ಉತ್ತರ ಇರಲ್ಲ, ಹಾಗಾಗಿ ಜನ ಭಾನುವಾರ ಸಭೆಗೆ ಬಂದು ಉಳಿದ ದಿನ ಮಂತ್ರವಾದಿ ಹತ್ರ ಹೋಗ್ತಾರೆ ಅನ್ನೋದು ಅವರ ವಾದದ ಸಾರ. ಮಗುಗೆ ದೃಷ್ಟಿ ಆಯ್ತು, ಗಾಳಿ ಸೋಕ್ತು, ನಮ್ಮ ಎಮ್ಮೇನೇ ಯಾಕೆ ಸತ್ತಿದ್ದು, ಇವೇ ಆ ಪ್ರಶ್ನೆಗಳು, ನಮ್ಮೂರಲ್ಲೂ ಇರೋವೇ. ಜಾರ್ಖಂಡಲ್ಲಿ ಇದು ಬರೀ ನಂಬಿಕೆ ವಿಷಯ ಅಲ್ಲ, ಒಬ್ಬ ಹೆಂಗಸನ್ನ ಡಾಯನ್ (ಮಾಟಗಾತಿ) ಅಂತ ಹಣೆಪಟ್ಟಿ ಹಚ್ಚಿ ಹೊಡೆದು ಕೊಲ್ಲೋ ಮಟ್ಟಕ್ಕೂ ಹೋಗತ್ತೆ. ಅಲ್ಲಿಗೆ ಹೋದ ಮಿಷನರಿ ಇದನ್ನ ನಕ್ಕು ತಳ್ಳಿಹಾಕಿದ್ರೆ ಯಾರೂ ಅವರ ಹತ್ರ ಬಾಯಿ ಬಿಡಲ್ಲ, ಎಲ್ಲದಕ್ಕೂ ದೆವ್ವ ಅಂತ ತಾನೇ ಕೂಗಾಡಿದ್ರೆ ಇನ್ನೊಬ್ಬ ಹೆಂಗಸಿನ ಜೀವಕ್ಕೆ ಅಪಾಯ. ಇಷ್ಟು ಸೂಕ್ಷ್ಮ ಕಲಿಸದೆ ಒಂದು ಇಪ್ಪತ್ತೆರಡರ ಹುಡುಗಿಯನ್ನ ಕಳಿಸೋದು ತಪ್ಪು, ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಜಮೀನು, ಕಾನೂನು, ದುಡ್ಡು ಇವೂ ಪಾಠದಲ್ಲಿ ಇರ್ಲೇಬೇಕು. ಛೋಟಾನಾಗ್ಪುರಕ್ಕೆ (ರಾಂಚಿ, ಗುಮ್ಲಾ ಇರೋ ಪ್ರದೇಶ) 1885ರಲ್ಲಿ ಬಂದ ಬೆಲ್ಜಿಯಂನ ಕ್ಯಾಥೊಲಿಕ್ ಜೆಸ್ವಿಟ್ ಪಾದ್ರಿ ಫಾದರ್ ಲೀವನ್ಸ್ ಅಲ್ಲಿನ ಭಾಷೆಯ ಜೊತೆ ಭೂಮಿಯ ಕಾನೂನು ಕಲಿತು ಜಮೀನ್ದಾರರ ವಿರುದ್ಧ ಕೋರ್ಟ್ ಕೇಸುಗಳಲ್ಲಿ ಆದಿವಾಸಿಗಳಿಗೆ ನೆರವಾದ್ರು, ಫಾದರ್ ಹಾಫ್‌ಮನ್ ಆದಿವಾಸಿಗಳ ಜಮೀನು ಕಾಪಾಡೋ 1908ರ ಛೋಟಾನಾಗ್ಪುರ ಟೆನನ್ಸಿ ಕಾಯ್ದೆ ರೂಪಿಸೋದ್ರಲ್ಲಿ ಕೈಜೋಡಿಸಿದ್ರು. ಮಂಗಳೂರು ಕಡೆ ಬಾಸೆಲ್ ಮಿಷನ್‌ನವರು ಜಾತಿ ಬಿಟ್ಟು ಕೆಲಸ ಕಳ್ಕೊಂಡವರಿಗೆ ಅಂತ ನೇಯ್ಗೆ, ಆಮೇಲೆ 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದ್ರು, ಬಹಳ ಜನರ ಹೊಟ್ಟೆ ತುಂಬ್ತು, ಆದ್ರೆ ಕೆಲಸ ಕೊಡೋದೂ ಮಿಷನ್, ಸಭೆ ನಡೆಸೋದೂ ಮಿಷನ್ ಅಂತಾದಾಗ ಆ ಜನ ಮಿಷನ್ ಮೇಲೇ ನೆಚ್ಕೊಂಡಿರೋ ಹಾಗಾಯ್ತು. ಮೊದಲ ಮಹಾಯುದ್ಧ ಬಂದು ಜರ್ಮನ್ ಮಿಷನರಿಗಳನ್ನ ಹೊರಗೆ ಕಳಿಸಿದಾಗ ಮಂಗಳೂರು, ರಾಂಚಿ ಎರಡೂ ಕಡೆ ಪೆಟ್ಟು ಬಿತ್ತು, ರಾಂಚಿಯಲ್ಲಿ ಅಲ್ಲಿನ ಜನರೇ 1919ರಲ್ಲಿ ಗೋಸ್ನರ್ ಸಭೆಯನ್ನ ಸ್ವತಂತ್ರ ಮಾಡ್ಕೊಂಡು ತಾವೇ ನಡೆಸಿದ್ರು. ನಿಮ್ಮ ತಂಗಿ ಹೋಗ್ತಿರೋದು ಆ ಸಭೆಗಳಿರೋ ನಾಡಿಗೆ, ಅವರಿಗೆ ಸುವಾರ್ತೆ ಮೊದಲ ಸಲ ತಗೊಂಡು ಹೋಗ್ತಿಲ್ಲ, ಇದು ಅವಳಿಗೆ ಗೊತ್ತಿರ್ಲಿ.

ಕಾನೂನು ಅಂದ್ರೆ ಇವತ್ತಿನದ್ದೂ ಗೊತ್ತಿರ್ಬೇಕು. ಮತಾಂತರದ ಬಗ್ಗೆ ಒಡಿಶಾದಲ್ಲಿ 1967ರಿಂದ, ಮಧ್ಯಪ್ರದೇಶದಲ್ಲಿ 1968ರಿಂದ ಕಾಯ್ದೆ ಇದೆ, ಜಾರ್ಖಂಡಲ್ಲಿ 2017ರಲ್ಲಿ ಬಂತು, ನಮ್ಮ ಕರ್ನಾಟಕದಲ್ಲೂ 2022ರಲ್ಲಿ ಮಾಡಿದ್ರು. ಧರ್ಮ ಪ್ರಚಾರದ ಹಕ್ಕಲ್ಲಿ ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕು ಸೇರಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕಾಯ್ದೆಗಳ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ, ಆದ್ರೆ ಆಮಿಷ ತೋರಿಸ್ಬಾರದು ಅನ್ನೋದಕ್ಕೆ ಕಾಯ್ದೆ ಬೇಕಾಗಿಲ್ಲ, ಅಕ್ಕಿ ಕೊಟ್ಟು ಔಷಧಿ ಕೊಟ್ಟು ಸ್ಕೂಲ್ ಸೀಟ್ ಕೊಟ್ಟು ಬದಲಿಗೆ ಪ್ರಾರ್ಥನೆಗೆ ಬಾ ಅನ್ನೋದು ಯೇಸುವಿನ ರೀತಿ ಅಲ್ಲ. ಯಾವ ಸೆಂಟರ್‌ನಲ್ಲಿ ಇಷ್ಟು ತಿಂಗಳಿಗೆ ಇಷ್ಟು ಆತ್ಮಗಳು ಅಂತ ಟಾರ್ಗೆಟ್ ಮಾತಾಡ್ತಾರೋ ಅಲ್ಲಿಗೆ ತಂಗಿಯನ್ನ ಕಳಿಸ್ಬೇಡಿ, ನೇರವಾಗಿ ಹೇಳ್ತಿದೀನಿ.

ಸೆಂಟರ್ ನೋಡೋಕೆ ನೀವೂ ಜೊತೆಗೆ ಹೋಗಿ. ಪಾಠ ಮಾಡೋರಲ್ಲಿ ಎಷ್ಟು ಜನ ಫೀಲ್ಡಲ್ಲಿ ಇದ್ದು ಬಂದವರು ಅಂತ ಕೇಳಿ, ಆದಿವಾಸಿ ಟೀಚರ್ ಯಾರಾದ್ರೂ ಇದಾರಾ ಅಂತ ಕೇಳಿ. ಕ್ಲಾಸ್ ಬಿಟ್ಟು ಹೊರಗೆ ಎಷ್ಟು ದಿನ ಕಳಿಸ್ತಾರೆ, ಆಗ ಯಾರ ಮನೆಯಲ್ಲಿ ಇರ್ತಾರೆ, ಮೊದಲ ವರ್ಷ ಪ್ರಸಂಗ ಮಾಡು ಅಂತಾರಾ ಇಲ್ಲ ಭಾಷೆ ಕಲಿ ಅಂತ ಬಿಡ್ತಾರಾ ಅಂತ ಕೇಳಿ. ಹುಡುಗಿ ಒಬ್ಬಳನ್ನೇ ಕಳಿಸ್ತಾರಾ, ಜೊತೆಗೆ ಯಾರು, ಮಲೇರಿಯಾ ಬಂದ್ರೆ ಯಾವ ಆಸ್ಪತ್ರೆ, ಹೆಲ್ತ್ ಇನ್ಶೂರೆನ್ಸ್ ಇದೆಯಾ, ತೊಂದ್ರೆ ಕೊಟ್ಟವರ ಬಗ್ಗೆ ದೂರು ಹೇಳ್ಬೇಕಂದ್ರೆ ಯಾರ ಹತ್ರ ಹೇಳ್ಬೇಕು, ಇದೆಲ್ಲ ಕೇಳೋಕೆ ಸಂಕೋಚ ಬೇಡ. ಕರ್ತನು ನೋಡ್ಕೋತಾನೆ ಅಂತ ಮಾತ್ರ ಉತ್ತರ ಬಂದ್ರೆ ಎದ್ದು ಬನ್ನಿ, ನೋಡ್ಕೊಳ್ಳೋ ಕೆಲಸ ಕರ್ತನು ಅವರಿಗೇ ಕೊಟ್ಟಿರೋದು. ಹಾಗೇ ಹಿಂದಿನ ಬ್ಯಾಚಲ್ಲಿ ಹೋಗಿ ಅರ್ಧಕ್ಕೆ ವಾಪಸ್ ಬಂದವರ ಜೊತೆ ಮಾತಾಡೋಕೆ ಆಗತ್ತಾ ಅಂತ ವಿಚಾರಿಸಿ, ಅವರಷ್ಟು ಸತ್ಯ ಬೇರೆ ಯಾರೂ ಹೇಳಲ್ಲ.

ಫೀಸ್ ಬಗ್ಗೆ ಕೇಳಿದ್ರಿ. ಸೆಂಟರಿಂದ ಸೆಂಟರಿಗೆ ಬೇರೆ ಬೇರೆ, ಕೆಲವು ಕಡೆ ಕಳಿಸೋ ಸಭೆಯೇ ಭರಿಸತ್ತೆ, ಹಾಗಾಗಿ ಮೊದಲು ನಿಮ್ಮ ಸಭೆಯ ಪಾಸ್ಟರ್ ಹತ್ರ ಮಾತಾಡಿ. ಟ್ರೈನಿಂಗ್ ಮುಗಿದ ಮೇಲೆ ತಿಂಗಳ ಖರ್ಚು ಯಾರು ಕೊಡ್ತಾರೆ, ರಜೆಗೆ ಊರಿಗೆ ಬರೋ ಟ್ರೈನ್ ಚಾರ್ಜ್ ಯಾರದ್ದು ಅನ್ನೋದನ್ನ ಮಾತ್ರ ಬರವಣಿಗೆಯಲ್ಲಿ ತಗೊಳ್ಳಿ. ತಂಗಿಗೆ ಕುಡುಖ್ ಬಗ್ಗೆ, ಆ ಕಡೆ ಊರುಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೆಳಗೆ ಕಾಮೆಂಟಲ್ಲಿ ಬರೆಯೋಕೆ ಹೇಳಿ, ನಾನು ಖಂಡಿತ ಉತ್ತರ ಕೊಡ್ತೀನಿ.