ಬ್ರಿಜಿಡ್ ಹಬ್ಬ ಮತ್ತು ನಿಮ್ಮ ಮಗಳ ಹುಲ್ಲಿನ ಶಿಲುಬೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಜೊತೆಗೆ ನನ್ನ ಮೊದಲ ಚಳಿಗಾಲವೂ ನೆನಪಾಯಿತು. ನೀವು ಐರ್ಲೆಂಡಿಗೆ ಬಂದು ಎರಡೂವರೆ ತಿಂಗಳು. ಜೂನಿಯರ್ ಇನ್‌ಫ್ಯಾಂಟ್ಸ್‌ನಲ್ಲಿರುವ, ಅಂದರೆ ಇಲ್ಲಿನ ಪ್ರೈಮರಿಯ ಮೊದಲ ತರಗತಿಯಲ್ಲಿರುವ ಮಗಳು ಶಾಲೆಯಲ್ಲಿ ಹುಲ್ಲಿನ ಶಿಲುಬೆ ಹೆಣೆದು ತಂದಿದ್ದಾಳೆ, ಬಾಗಿಲ ಮೇಲೆ ಕಟ್ಟಲೇಬೇಕು ಅಂತ ಹಟ. ವಿಡಿಯೊ ಕಾಲ್‌ನಲ್ಲಿ ಅದು ನಿಮ್ಮ ಅತ್ತೆಯ ಕಣ್ಣಿಗೆ ಬಿತ್ತು, "ಆಗಲೇ ಮತ ಬದಲಾಯಿಸಿಬಿಟ್ರಾ?" ಅಂದರು. ಈಗ ಶಿಲುಬೆ ಫ್ರಿಜ್ ತಲೆ ಮೇಲಿದೆ. ಕಟ್ಟಬಹುದಾ, ಈ ಬ್ರಿಜಿಡ್ ಯಾರು, ಆಕೆಯ ಹೆಸರಲ್ಲಿ ಸೋಮವಾರ ರಜೆ ಯಾಕೆ, ಅಕ್ಕಾ, ಈ ಊರು ನಮಗೆ ಒಗ್ಗುತ್ತಾ ಅಂತ ಕೇಳಿದ್ದೀರಿ.

ಕಟ್ಟಿ. ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಾನು ಬಂದಿದ್ದು 2006ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕು ದಾಟುತ್ತಿದ್ದ ಹಾಗೆ ಕತ್ತಲೆ. ಬೆಳಗ್ಗೆ ಎಂಟೂವರೆ ಆದರೂ ಸೂರ್ಯನ ಸುಳಿವಿಲ್ಲ. ಮಳೆ ಅಂತೂ ನಮ್ಮ ಮಲೆನಾಡಿನ ಹಾಗೆ ಸುರಿದು ಮುಗಿಯುವುದಿಲ್ಲ, ಸುಮ್ನೆ ಜಿನುಗುತ್ತಾ ಇರುತ್ತದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಮರುವರ್ಷ ಜನವರಿ 31ರ ರಾತ್ರಿ ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ಅವರ ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದೇ ಒಂದು ಬಿಳಿ ಬಟ್ಟೆ. ಮಳೆ ಬೇರೆ. ಪಾಪ, ಮರೆತಿದ್ದಾರೆ ಅಂದುಕೊಂಡೆ. ಬೇಲಿಯ ಮೇಲಿಂದ ಕೈ ಚಾಚಿ ತೆಗೆದು, ಹೀಟರ್ ಮೇಲೆ ಒಣಗಿಸಿ, ಇಸ್ತ್ರಿ ಮಾಡಿ ಬೆಳಗ್ಗೆ ಕೊಟ್ಟೆ. ಅಜ್ಜಿ ಬಟ್ಟೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದರ ಹೆಸರು ಬ್ರತ್ ಬ್ರೀಡ, ಅಂದರೆ ಬ್ರಿಜಿಡ್‌ಳ ಹೊದಿಕೆ. ಹಬ್ಬದ ಹಿಂದಿನ ರಾತ್ರಿ ಆಕೆ ಊರೂರು ಸುತ್ತುತ್ತಾಳಂತೆ. ಹೊರಗಿಟ್ಟ ಬಟ್ಟೆಯನ್ನು ಮುಟ್ಟಿ ಹೋಗುತ್ತಾಳಂತೆ. ಆ ಬಟ್ಟೆಗೆ ವರ್ಷಪೂರ್ತಿ ವಾಸಿ ಮಾಡುವ ಶಕ್ತಿ. ತಲೆನೋವಿಗೆ ಹಣೆಗೆ ಸುತ್ತಿಕೊಳ್ಳುತ್ತಾರೆ, ಹಸು ಕರು ಹಾಕಲು ಕಷ್ಟಪಟ್ಟರೆ ಅದರ ಮೇಲೂ ಹೊದಿಸುತ್ತಿದ್ದರು. ಆ ವರ್ಷ ಅಜ್ಜಿಯ ಬಟ್ಟೆ ರಾತ್ರಿಯಿಡೀ ನನ್ನ ಹೀಟರ್ ಮೇಲಿತ್ತು! ನಾನು ಕ್ಷಮಿಸಿ ಅಂದೆ. "ಪರವಾಗಿಲ್ಲ, ಅವಳಿಗೆ ನಿನ್ನ ಮನೆಯ ದಾರಿಯೂ ಗೊತ್ತಿರುತ್ತದೆ" ಅಂದರು. ಇಲ್ಲಿ ನನ್ನನ್ನು ಯಾರೋ ಲೆಕ್ಕಕ್ಕೆ ತಗೊಂಡರು ಅಂತ ಅನ್ನಿಸಿದ್ದು ಅವತ್ತೇ ಮೊದಲು.

ಈಗ ಬ್ರಿಜಿಡ್ ವಿಷಯ. ಅತ್ತೆಗೆ ಹೇಳಲು ಇದು ಉಪಯೋಗಕ್ಕೆ ಬರುತ್ತದೆ.

ಚರ್ಚಿನ ಲೆಕ್ಕದಲ್ಲಿ ಆಕೆ ಸುಮಾರು ಕ್ರಿ.ಶ. 451ರಿಂದ 525ರವರೆಗೆ ಬದುಕಿದ್ದ ಸನ್ಯಾಸಿನಿ. ತಂದೆ ದಣಿ, ತಾಯಿ ಅವನ ಮನೆಯ ಗುಲಾಮ ಹೆಂಗಸು. ಮನೆಯಲ್ಲಿದ್ದ ಬೆಣ್ಣೆ, ಮೊಸರು, ಅಪ್ಪನ ಕತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡವರಿಗೆ ಕೊಟ್ಟುಬಿಡುತ್ತಿದ್ದಳಂತೆ. ಕಿಲ್ಡೇರ್ ಅನ್ನುವ ಊರಲ್ಲಿ ಮಠ ಕಟ್ಟಿದಳು. ಆ ಊರಿನ ಐರಿಶ್ ಹೆಸರು ಕಿಲ್ ದಾರಾ, ಅಂದರೆ ಓಕ್ ಮರದ ಚರ್ಚು. ಪ್ಯಾಟ್ರಿಕ್ ಮತ್ತು ಕೊಲಂಬಾ ಜೊತೆ ಐರ್ಲೆಂಡಿನ ಮೂವರು ಕಾಯುವ ಸಂತರಲ್ಲಿ ಆಕೆಯೂ ಒಬ್ಬಳು.

ಆದರೆ ಅದೇ ಹೆಸರಿನ ಒಬ್ಬ ದೇವಿ ಅದಕ್ಕೂ ಮುಂಚೆ ಇದ್ದಳು ಅಂತಾರೆ. 900ರ ಸುಮಾರಿನ ಒಂದು ಹಳೆಯ ಐರಿಶ್ ಪದಕೋಶ ಆಕೆಯನ್ನು ಕವಿಗಳು ಪೂಜಿಸುತ್ತಿದ್ದ ದೇವಿ ಅನ್ನುತ್ತದೆ. ಅಕ್ಕತಂಗಿಯರು ಮೂವರು, ಮೂವರ ಹೆಸರೂ ಬ್ರಿಜಿಡ್. ಒಬ್ಬಳು ಕಾವ್ಯಕ್ಕೆ, ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ. ಆ ಹೆಸರಿನ ಅರ್ಥ 'ಎತ್ತರದವಳು', 'ಮಹಿಮೆಯುಳ್ಳವಳು'. ಸಂಸ್ಕೃತದ ಬೃಹತೀ ಕೂಡ ಅದೇ ಬೇರಿನ ಪದ ಅಂತಾರೆ ಭಾಷಾಶಾಸ್ತ್ರದವರು. ನಾವು ಫ್ಲೆಕ್ಸ್ ಮೇಲೆ 'ಬೃಹತ್ ಸಮಾವೇಶ' ಅಂತ ಹಾಕಿಸುತ್ತೀವಲ್ಲ, ಅದೇ ಬೃಹತ್. ಇದನ್ನು ಅತ್ತೆಗೆ ತಪ್ಪದೆ ಹೇಳಿ!

ಸಂತಳ ಹಬ್ಬ ಫೆಬ್ರವರಿ 1. ಕ್ರೈಸ್ತ ಮತಕ್ಕೂ ಮುಂಚೆ ಇಲ್ಲಿದ್ದ ಕೆಲ್ಟಿಕ್ ಜನರ ಪಂಚಾಂಗದ ಇಂಬೊಲ್ಕ್ ಹಬ್ಬವೂ ಅವತ್ತೇ. ಕುರಿಗಳು ಮರಿ ಹಾಕಿ ಹಾಲು ಶುರುವಾಗುವ ಹೊತ್ತು, ವಸಂತದ ಮೊದಲ ದಿನ. ಸಂತಳ ಪವಾಡಗಳಲ್ಲೂ ಹಾಲು, ಬೆಣ್ಣೆ, ಹಸು, ಬೆಂಕಿಯೇ ಜಾಸ್ತಿ. ನೀರನ್ನು ಬಿಯರ್ ಮಾಡಿದ ಕತೆಯೂ ಇದೆ, ಐರ್ಲೆಂಡ್ ಅಲ್ವಾ. ಹಾಗಾಗಿ ದೇವಿಯನ್ನೇ ಚರ್ಚು ಸಂತಳನ್ನಾಗಿ ಮಾಡಿತು ಅಂತ ತುಂಬಾ ಜನ ಹೇಳುತ್ತಾರೆ. ನನಗೇನೋ ಅಷ್ಟು ಸುಲಭ ಅನ್ನಿಸುವುದಿಲ್ಲ. ಕೊಗಿಟೋಸಸ್ ಅನ್ನುವ ಸನ್ಯಾಸಿ ಸಂತಳ ಚರಿತ್ರೆ ಬರೆದದ್ದು 650ರ ಸುಮಾರಿಗೆ. ದೇವಿಯ ಬಗ್ಗೆ ಹೇಳುವ ಆ ಪದಕೋಶ ಅದಕ್ಕಿಂತ ಸುಮಾರು 250 ವರ್ಷ ಈಚಿನದು, ಅದನ್ನು ಬರೆದವರೂ ಕ್ರೈಸ್ತರೇ. ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಕತೆಗೆ ದೇವಿಯ ಗುಣಗಳೆಲ್ಲ ಬಂದು ಅಂಟಿಕೊಂಡವು ಅಂತ ನನ್ನ ಊಹೆ. ವಿದ್ವಾಂಸರು ಇನ್ನೂ ಜಗಳವಾಡುತ್ತಲೇ ಇದ್ದಾರೆ. ಪಕ್ಕದ ಮನೆ ಅಜ್ಜಿಗೆ ಇದನ್ನೆಲ್ಲ ಹೇಳಿದಾಗ "ಅವಳಿಗೇ ಅಡ್ಡಿಯಿಲ್ಲ, ನಿನಗೇನು?" ಅಂತ ಟೀ ಬಗ್ಗಿಸಿದರು.

ನನಗೆ ಬಲು ಇಷ್ಟ ಬೆಂಕಿಯ ಕತೆ. ಜೆರಾಲ್ಡ್ ಅನ್ನುವ ವೇಲ್ಸ್‌ನ ಪಾದ್ರಿಯೊಬ್ಬ 12ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ. ಕಿಲ್ಡೇರ್‌ನಲ್ಲಿ ಎಂದೂ ಆರದ ಬೆಂಕಿ ಇದೆ ಅಂತ ಬರೆದಿಟ್ಟ. 19 ಸನ್ಯಾಸಿನಿಯರು ಒಂದೊಂದು ರಾತ್ರಿ ಒಬ್ಬೊಬ್ಬರು ಕಾಯಬೇಕು. 20ನೇ ರಾತ್ರಿ ಕೊನೆಯವಳು ಸೌದೆ ಜೋಡಿಸಿ, ಬ್ರಿಜಿಡ್, ಇದು ನಿನ್ನ ಪಾಳಿ, ನಿನ್ನ ಬೆಂಕಿ ನೀನೇ ನೋಡಿಕೋ ಅಂತ ಹೇಳಿ ಎದ್ದು ಹೋಗುತ್ತಾಳೆ. ಬೆಳಗ್ಗೆ ನೋಡಿದರೆ ಬೆಂಕಿ ಹಾಗೇ ಇರುತ್ತದೆ. ಸುತ್ತ ಒಂದು ಬೇಲಿ, ಅದರೊಳಗೆ ಗಂಡಸರು ಕಾಲಿಡುವಂತಿಲ್ಲ. ಆ ಬೆಂಕಿಯನ್ನು ಬಾಯಿಂದ ಊದುವಂತಿಲ್ಲ, ತಿದಿಯನ್ನೇ ಬಳಸಬೇಕು. ಇದನ್ನು ಓದಿದಾಗ, ದೀಪ ಬಾಯಲ್ಲಿ ಊದಿದ್ದಕ್ಕೆ ನಮ್ಮಜ್ಜಿ ತಲೆಗೆ ಮೊಟಕಿದ್ದು ನೆನಪಾಯಿತು. ನಾನು ನೈಟ್ ಡ್ಯೂಟಿ ಮಾಡುವವಳು. ಪಾಳಿ ಪಟ್ಟಿಯಲ್ಲಿ ಬ್ರಿಜಿಡ್‌ಳ ಹೆಸರೂ ಇರುವುದು ಅಂದರೆ ನನಗೆ ಏನೋ ಸಮಾಧಾನ.

ಹದಿನಾರನೇ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿದಾಗ ಆ ಬೆಂಕಿಯೂ ಆರಿತು. 1993ರಲ್ಲಿ ಬ್ರಿಜಿಡೀನ್ ಸನ್ಯಾಸಿನಿಯರು ಕಿಲ್ಡೇರ್‌ನಲ್ಲಿ ಮತ್ತೆ ಹೊತ್ತಿಸಿದರು. ಈಗ ಊರಾಚೆ ಸೊಲಸ್ ಬ್ರೀಡ ಅನ್ನುವ ಕೇಂದ್ರದಲ್ಲಿ ಅದನ್ನು ನಂದಾದೀಪದ ಹಾಗೆ ಕಾಯುತ್ತಿದ್ದಾರೆ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು, ಗಂಡಸರೂ.

ಮಗಳ ಶಿಲುಬೆಗೆ ಬರೋಣ. ಅದು ಜೊಂಡು ಹುಲ್ಲಿನದು. ಸಾಯುತ್ತಿದ್ದ ಒಬ್ಬ ನಾಯಕನ ಹಾಸಿಗೆ ಪಕ್ಕ ಕೂತಿದ್ದಾಗ, ಬ್ರಿಜಿಡ್ ನೆಲಕ್ಕೆ ಹಾಸಿದ್ದ ಜೊಂಡನ್ನೇ ಎತ್ತಿಕೊಂಡು ಹೆಣೆದಳು ಅಂತ ಕತೆ. ಹುಲ್ಲಿನ ಮಾಡಿನ ಮನೆಗಳ ಕಾಲದಲ್ಲಿ, ಬೆಂಕಿ ಬೀಳದಿರಲಿ ಅಂತ ಇದನ್ನು ಬಾಗಿಲ ಮೇಲೆ ಸಿಕ್ಕಿಸುತ್ತಿದ್ದರು. ಮರುವರ್ಷ ಹೊಸದು ಬರುತ್ತದೆ. 1961ರಲ್ಲಿ ಐರಿಶ್ ಟಿವಿ ಶುರುವಾದಾಗ ಅದರ ಲಾಂಛನವೂ ಇದೇ ಆಗಿತ್ತು. ಅಂದರೆ ಇದು ಚರ್ಚಿನದು ಎಷ್ಟೋ, ಊರಿನದೂ ಅಷ್ಟೇ. ನಮ್ಮ ಮನೆ ಬಾಗಿಲಲ್ಲಿ ಮಾವಿನೆಲೆಯ ಪ್ಲಾಸ್ಟಿಕ್ ತೋರಣ ಇದೆ, ಅದರ ಮೇಲೆ ಇದೂ ಇದೆ. ಜಗಳ ಆಡಿದ್ದು ನಾನು ನೋಡಿಲ್ಲ.

ಆದರೆ ಶಾಲೆಯ ಧರ್ಮಪಾಠ ಬೇರೆ ವಿಷಯ, ಅದನ್ನು ಇದರ ಜೊತೆ ಕಲಸಬೇಡಿ. ಇಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರೈಮರಿ ಶಾಲೆಗಳು ಕ್ಯಾಥೊಲಿಕ್ ಆಡಳಿತದವು. ಧರ್ಮಪಾಠ ಬೇಡ ಅಂದರೆ ಮಗುವನ್ನು ಅದರಿಂದ ಹೊರಗಿಡುವ ಹಕ್ಕು ಸಂವಿಧಾನದಲ್ಲೇ ಇದೆ. ಟೀಚರ್‌ಗೆ ಒಂದು ಚೀಟಿ ಬರೆದು ಕೊಡಿ. ಸೆಕೆಂಡ್ ಕ್ಲಾಸಿನಲ್ಲಿ ಮೊದಲ ಕಮ್ಯುನಿಯನ್ ತಯಾರಿ ವರ್ಷವಿಡೀ ನಡೆಯುತ್ತದೆ, ಅಂದರೆ ಕ್ಯಾಥೊಲಿಕ್ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ತಗೊಳ್ಳುವ ಸಮಾರಂಭ, ಹುಡುಗಿಯರು ಬಿಳಿ ಡ್ರೆಸ್ ಹಾಕುತ್ತಾರೆ. ಆಗ ಮಗಳು "ನನಗ್ಯಾಕೆ ಬಿಳಿ ಡ್ರೆಸ್ ಇಲ್ಲ?" ಅಂತ ಅಳುತ್ತಾಳೆ. ನನ್ನ ಮಗಳು ಅತ್ತಳು. ಅದೇ ತಿಂಗಳು ಅವಳಿಗೆ ರೇಷ್ಮೆ ಲಂಗ ತರಿಸಿ, ನಾವೇ ಒಂದು ಊಟ ಹಾಕಿಸಿದೆವು.

ಇನ್ನು ರಜೆ. ಅದು 2023ರಲ್ಲಿ ಶುರುವಾದದ್ದು, ವರ್ಷದ ಹತ್ತನೇ ಸರ್ಕಾರಿ ರಜೆ. ಹೆಂಗಸಿನ ಹೆಸರಿನಲ್ಲಿ ಈ ದೇಶ ಕೊಟ್ಟ ಮೊದಲ ರಜೆಯೂ ಅದೇ. ಫೆಬ್ರವರಿಯ ಮೊದಲ ಸೋಮವಾರ ಬರುತ್ತದೆ. 1ನೇ ತಾರೀಕು ಶುಕ್ರವಾರವೇ ಬಿದ್ದರೆ ಮಾತ್ರ ಅವತ್ತೇ. ಈ ಸಲದ ರಜೆಯ ದಿನ ನಿಮಗೆ ಡ್ಯೂಟಿ ಇತ್ತು ಅಂದಿರಿ. ಹಾಗಿದ್ದರೆ ಒಂದು ದಿನದ ಹೆಚ್ಚುವರಿ ಸಂಬಳ, ಇಲ್ಲವೇ ಸಂಬಳ ಸಹಿತ ಇನ್ನೊಂದು ರಜೆ ನಿಮಗೆ ಬರಬೇಕು. ಪೇಸ್ಲಿಪ್ ನೋಡಿ. ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ. ಮೊದಲ ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದು ನನಗೇ ನಷ್ಟವಾಯಿತು.

ಒಗ್ಗುತ್ತಾ ಅಂತ ಕೇಳಿದ್ದಿರಿ. ಬ್ರಿಜಿಡ್ ಹಬ್ಬದ ಹೊತ್ತಿಗೆ ಸಂಜೆ ಐದರವರೆಗೂ ಬೆಳಕಿರುತ್ತದೆ. ಬಸ್ ಸ್ಟಾಪಿನಲ್ಲಿ, ಅಂಗಡಿಯಲ್ಲಿ, ಎಲ್ಲರ ಬಾಯಲ್ಲೂ "ಗ್ರ್ಯಾಂಡ್ ಸ್ಟ್ರೆಚ್ ಇನ್ ದಿ ಈವ್ನಿಂಗ್ಸ್" ಅನ್ನುವ ಒಂದೇ ಮಾತು. ಸಂಜೆ ಚೆನ್ನಾಗಿ ಉದ್ದವಾಗುತ್ತಿದೆ ಅಂತ. ನೀವೂ ಅನ್ನಿ. ಹವಾಮಾನದ ಮಾತು ಬಂದರೆ ಇಲ್ಲಿ ಅರ್ಧ ಪರಿಚಯ ಆದ ಹಾಗೇ.

ನಮ್ಮವರೆಲ್ಲ ಕಿಲ್ಡೇರ್ ಅಂದರೆ ಡಿಸ್ಕೌಂಟ್ ಅಂಗಡಿಗಳ ಕಿಲ್ಡೇರ್ ವಿಲೇಜ್ ಅಂದುಕೊಂಡಿದ್ದಾರೆ. ಬ್ಯಾಗ್ ತಗೊಂಡು ವಾಪಸ್. ನೀವು ಹಾಗೆ ಮಾಡಬೇಡಿ. ಅಲ್ಲಿಂದ ಊರೊಳಗೆ ನಡೆದೇ ಹೋಗಬಹುದು. ಬ್ರಿಜಿಡ್ ಹೆಸರಿನ ಹಳೆಯ ಕಲ್ಲಿನ ಚರ್ಚು, ಪಕ್ಕದಲ್ಲಿ ಮೂವತ್ತು ಮೀಟರ್‌ಗೂ ಎತ್ತರದ ಗುಂಡು ಗೋಪುರ. ಬೇಸಿಗೆಯಲ್ಲಿ ಗೋಪುರ ತೆರೆದಿದ್ದಾಗ ಹೋದರೆ ಅದರ ತುದಿಯಿಂದ ಕರ್ರಾ ಬಯಲು ಕಾಣುತ್ತದೆ, ಸುಮಾರು 5000 ಎಕರೆ ಬರೀ ಹುಲ್ಲು ಮತ್ತು ಕುರಿ. ಮಠಕ್ಕೆ ಜಾಗ ಕೇಳಿದಾಗ ರಾಜ "ನಿನ್ನ ಹೊದಿಕೆ ಮುಚ್ಚುವಷ್ಟು ತಗೋ" ಅಂದನಂತೆ. ಆಕೆ ಹೊದಿಕೆ ಬಿಚ್ಚಿ ಹಾಸಿದಳು. ಅದು ಈ ಬಯಲನ್ನೆಲ್ಲ ಮುಚ್ಚುವವರೆಗೂ ಹರಡಿಕೊಂಡೇ ಹೋಯಿತು. ಮಗಳಿಗೆ ಈ ಕತೆ ಅಲ್ಲೇ ಮೇಲೆ ನಿಂತು ಹೇಳಿ. ಮೆಟ್ಟಿಲು ಏಣಿಯ ಹಾಗೆ ಕಡಿದಾಗಿವೆ, ಸೀರೆ ಉಟ್ಟುಕೊಂಡು ಹೋಗಬೇಡಿ.